ಗದ್ದೆಯ ಮಣ್ಣಿನಲ್ಲಿ ಸಿಕ್ಕ ಕಾವಲುಗಾರ

ಮಡಿಕೇರಿ ಆಕಾಶವಾಣಿಯ ಕೇಳುಗರೆಲ್ಲರಿಗೂ ನಮಸ್ಕಾರ.

ಕೊಡಗಿನಲ್ಲಿ ದೇಶ ಕಾಯುವ ಮಾತು ಬಂದರೆ ಮೊದಲು ನೆನಪಾಗುವುದು ಸೈನ್ಯ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ, 1965ರ ಯುದ್ಧದಲ್ಲಿ ಪ್ರಾಣ ಕೊಟ್ಟ ಸ್ಕ್ವಾಡ್ರನ್ ಲೀಡರ್ ದೇವಯ್ಯ. ಮನೆಮನೆಯಲ್ಲೂ ಹೇಳುವ ಹೆಸರುಗಳು. ಇವತ್ತು ನಾನು ಮಾತಾಡುವುದು ದೇಶ ಕಾಯುವ ಇನ್ನೊಂದು ಜಾಗದ ಬಗ್ಗೆ. ಅದು ವಿಶ್ವವಿದ್ಯಾಲಯದ ಪ್ರಯೋಗಾಲಯ.

ನಮ್ಮ ತೋಟ, ಗದ್ದೆಗಳಿಗೆ ಔಷಧಿ ಹೊಡೆಯುತ್ತೇವಲ್ಲ, ಅದರಲ್ಲಿ ಕ್ಲೋರ್‌ಪೈರಿಫಾಸ್‌ನಂಥವು ಆರ್ಗನೋಫಾಸ್ಫೇಟ್ ಅನ್ನುವ ಗುಂಪಿಗೆ ಸೇರಿದವು. ಯುದ್ಧದಲ್ಲಿ ಬಳಸಿದ ಸಾರಿನ್ ಎಂಬ ವಿಷವೂ ಅದೇ ವಂಶದ್ದು. 1936ರಲ್ಲಿ ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ ಎಂಬ ರಸಾಯನ ವಿಜ್ಞಾನಿ ಹುಳ ಸಾಯಿಸುವ ಔಷಧಿ ಹುಡುಕುತ್ತಿದ್ದರು. ಸಿಕ್ಕಿದ್ದು ಮನುಷ್ಯರನ್ನೇ ಸಾಯಿಸುವ ಟಾಬುನ್. 1938ರಲ್ಲಿ ಸಾರಿನ್ ಬಂತು. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. 1995ರ ಮಾರ್ಚ್ 20ರಂದು ಟೋಕಿಯೊದ ಸುರಂಗ ರೈಲಿನಲ್ಲಿ ಒಂದು ಗುಂಪು ಅದನ್ನು ಹರಡಿತು. ಬೆಳಗ್ಗೆ ಕೆಲಸಕ್ಕೆ ಹೊರಟಿದ್ದ ಸಾವಿರಾರು ಜನ ಆಸ್ಪತ್ರೆಗೆ ಹೋಗಬೇಕಾಯಿತು. ಕೆಲವರು ಉಳಿಯಲಿಲ್ಲ.

ಈ ವಿಷ ಮಾಡುವುದೇನು? ನರ ಹೇಳಿದಾಗ ಸ್ನಾಯು ಬಿಗಿಯುತ್ತದೆ. ಕೆಲಸ ಮುಗಿದ ಮೇಲೆ ಆ ಸಂದೇಶವನ್ನು ಅಳಿಸಲು ಮೈಯಲ್ಲಿ ಒಂದು ಕಿಣ್ವ ಇದೆ. ವಿಷ ಹೋಗಿ ಆ ಕಿಣ್ವವನ್ನೇ ಹಿಡಿದುಬಿಡುತ್ತದೆ. ಆಮೇಲೆ ಆಫ್ ಮಾಡುವವರೇ ಇಲ್ಲದ ಪಂಪ್‌ಸೆಟ್‌ನ ಹಾಗೆ ನರಗಳು ಒಂದೇ ಸಮನೆ ಕೆಲಸ ಮಾಡುತ್ತಲೇ ಇರುತ್ತವೆ. ಜೊಲ್ಲು, ಬೆವರು ಸುರಿಯುತ್ತದೆ. ಕಣ್ಣಿನ ಪಾಪೆ ಕಿರಿದಾಗುತ್ತದೆ. ಕೊನೆಗೆ ಉಸಿರು ನಿಲ್ಲುತ್ತದೆ.

ಹಿಡಿದಿರುವ ವಿಷವನ್ನು ಕಿಣ್ವದಿಂದ ಬಿಡಿಸುವ ಮದ್ದು ಬಂದಿದ್ದು ಒಂದು ವಿಶ್ವವಿದ್ಯಾಲಯದಿಂದ. 1955ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇರ್ವಿನ್ ವಿಲ್ಸನ್ ಮತ್ತು ಸಾರಾ ಗಿನ್ಸ್‌ಬರ್ಗ್ ಪ್ರಾಲಿಡಾಕ್ಸಿಮ್ ಅನ್ನು ಮುಂದಿಟ್ಟರು. ನರ ಹೇಗೆ ಕೆಲಸ ಮಾಡುತ್ತದೆ ಎಂದು ಕುಳಿತು ಓದಿದವರ ಕೆಲಸ ಅದು. ಇವತ್ತು ಸೈನಿಕರಿಗಾಗಿ, ಈ ವಿಷದ ಪರಿಣಾಮ ತಗ್ಗಿಸುವ ಅಟ್ರೋಪಿನ್ ಎಂಬ ಇನ್ನೊಂದು ಮದ್ದಿನ ಜೊತೆಗೆ ಇದೇ ಮದ್ದನ್ನು, ತೊಡೆಗೆ ತಾವೇ ಚುಚ್ಚಿಕೊಳ್ಳುವ ಇಂಜೆಕ್ಷನ್ ರೂಪದಲ್ಲಿ ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯ ತಯಾರಿಸಿದೆ. ಕೀಟನಾಶಕದ ವಿಷವೇರಿ ಆಸ್ಪತ್ರೆಗೆ ಬಂದ ರೈತರಿಗೂ ವೈದ್ಯರು ಕೊಡುವುದು ಅಟ್ರೋಪಿನ್ನೇ. ಮಾತು ಬಂತು ಅಂತ ಹೇಳುತ್ತೇನೆ: ಔಷಧಿ ಹೊಡೆಯುವಾಗ ಯಾರಿಗಾದರೂ ತಲೆ ಸುತ್ತಿ ಜೊಲ್ಲು ಸುರಿದರೆ ತಡ ಮಾಡಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಔಷಧಿ ಬಾಟಲಿಯ ಲೇಬಲ್ ವೈದ್ಯರಿಗೆ ತೋರಿಸಿ.

ಇನ್ನು ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಫಿಲಿಪ್ಪೀನ್ಸ್‌ನಲ್ಲಿ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇದೆ. ಅಲ್ಲಿದ್ದ ನಮ್ಮ ದೇಶದ ವಿಜ್ಞಾನಿ ಸೇತುನಾಥನ್ ಮತ್ತು ಅವರ ಜೊತೆಗಾರ ಯೋಶಿದಾ, ಔಷಧಿ ಹೊಡೆದ ಗದ್ದೆಯಲ್ಲಿ ಒಂದು ಬ್ಯಾಕ್ಟೀರಿಯಾ ಕಂಡುಹಿಡಿದರು. ಅದು ಡಯಾಜಿನಾನ್, ಪ್ಯಾರಾಥಿಯಾನ್ ಎಂಬ ಕೀಟನಾಶಕಗಳನ್ನು ಒಡೆದುಹಾಕುತ್ತಿತ್ತು. ಇದು ಪ್ರಕಟವಾಗಿದ್ದು 1973ರಲ್ಲಿ. ಮುಂದೆ ಇಂಥ ಮಣ್ಣಿನ ಬ್ಯಾಕ್ಟೀರಿಯಾಗಳ ಕಿಣ್ವ ಸಾರಿನ್ ಅನ್ನೂ ಒಡೆಯಬಲ್ಲದು ಎಂದು ತಿಳಿಯಿತು. ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಫ್ರಾಂಕ್ ರೌಶೆಲ್ ಅವರ ತಂಡ ಆ ಕಿಣ್ವವನ್ನು ಸ್ವಲ್ಪಸ್ವಲ್ಪವೇ ಬದಲಾಯಿಸಿ, ನರವಿಷಗಳನ್ನು ಇನ್ನೂ ಬೇಗ ಒಡೆಯುವಂತೆ ಮಾಡಿತು. ಈ ಬ್ಯಾಕ್ಟೀರಿಯಾಗಳ ವಂಶವಾಹಿಗಳ ಬಗ್ಗೆ ಹೈದರಾಬಾದ್ ವಿಶ್ವವಿದ್ಯಾಲಯದಲ್ಲೂ ಕೆಲಸ ನಡೆದಿದೆ.

ಗದ್ದೆಯನ್ನು ಪರೀಕ್ಷಿಸಿದವರು ಸಂಶೋಧನೆಗೆ ದುಡ್ಡು ಕೇಳುವ ಅರ್ಜಿಯಲ್ಲಿ ರಕ್ಷಣೆ ಎಂಬ ಮಾತು ಇರಬೇಕಾದ ಕಾರಣವೇ ಇರಲಿಲ್ಲ, ಅಲ್ವಾ? ಹೆಸರಿನಲ್ಲಿ ಆಯುಧ ಇರುವ ಕೆಲಸಕ್ಕೆ ಮಾತ್ರ ದುಡ್ಡು ಕೊಟ್ಟರೆ ಇಂಥ ಕಿಣ್ವ ಕೈಗೆ ಸಿಗುವುದಿಲ್ಲ. ಮಣ್ಣು ನೋಡುವವರಿಗೂ, ನರ ನೋಡುವವರಿಗೂ ಸರ್ಕಾರ ದುಡ್ಡು ಕೊಡಬೇಕು, ವರ್ಷಗಟ್ಟಲೆ ಕಾಯಬೇಕು. ಇದು ನನ್ನ ಗಟ್ಟಿಯಾದ ಅಭಿಪ್ರಾಯ.

ಇದೇ ತಿಳಿವಳಿಕೆ ಕೆಟ್ಟವರ ಕೈಗೆ ಹೋದರೆ ಎಂಬ ಭಯ ಸುಮ್ನೆ ಹುಟ್ಟಿದ್ದಲ್ಲ. ಅದಕ್ಕೇ ರಾಸಾಯನಿಕ ಅಸ್ತ್ರಗಳ ನಿಷೇಧ ಒಪ್ಪಂದ 1997ರಲ್ಲಿ ಜಾರಿಗೆ ಬಂತು. ಭಾರತ ತನ್ನಲ್ಲಿದ್ದ ದಾಸ್ತಾನನ್ನು ತಾನೇ ಘೋಷಿಸಿ, 2009ರ ಹೊತ್ತಿಗೆ ಪೂರ್ತಿ ನಾಶ ಮಾಡಿತು. ಯಾವುದಾದರೂ ದೇಶ ಮಾತು ತಪ್ಪಿದೆಯಾ ಎಂದು ಮಣ್ಣು, ರಕ್ತದ ಮಾದರಿ ನೋಡಿ ಹೇಳುವವರೂ ರಸಾಯನಶಾಸ್ತ್ರ ಓದಿದವರೇ.

ನಮ್ಮ ಮಕ್ಕಳಿಗೆ ಈ ದಾರಿ ದೂರದ್ದಲ್ಲ. ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜಿದೆ. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರವಿದೆ. ಪಕ್ಕದ ಮೈಸೂರಿನಲ್ಲಿ ಸೈನಿಕರ ಊಟದ ಬಗ್ಗೆ ಸಂಶೋಧನೆ ಮಾಡುತ್ತಾ ಬಂದ ರಕ್ಷಣಾ ಪ್ರಯೋಗಾಲಯವಿದೆ. ರಸಾಯನಶಾಸ್ತ್ರವೋ ಜೀವಶಾಸ್ತ್ರವೋ ಎಂ.ಎಸ್ಸಿ. ಮುಗಿಸಿ ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಪಾಸಾದವರು ಇಂಥ ಪ್ರಯೋಗಾಲಯಗಳಲ್ಲಿ ಕಿರಿಯ ಸಂಶೋಧಕರ ಹುದ್ದೆಗೆ ಅರ್ಜಿ ಹಾಕಬಹುದು. ತಿಂಗಳ ಫೆಲೋಶಿಪ್ ಸಿಗುತ್ತದೆ, ಪಿಎಚ್.ಡಿ.ಗೂ ಅವಕಾಶ ಇರುತ್ತದೆ. ಸೈನ್ಯಕ್ಕೆ ಸೇರಬೇಕು ಅಂತ ಆಸೆಯಿದ್ದು, ಎತ್ತರ ಸಾಲದೆಯೋ ಕಣ್ಣಿನ ಪರೀಕ್ಷೆಯಲ್ಲೋ ಹಿಂದೆ ಬಂದ ಹುಡುಗ ಹುಡುಗಿಯರು ನಿಮ್ಮ ಮನೆಯಲ್ಲಿದ್ದರೆ, ದಯವಿಟ್ಟು ಅವರಿಗೆ ಈ ವಿಷಯ ತಿಳಿಸಿ.

ನಮಸ್ಕಾರ.