ರಜೆಯ ನೆಂಟರು ಮತ್ತು ಬಾವಿಯ ಒರತೆ

ಕೇಳುಗರಿಗೆ ನಮಸ್ಕಾರ.

ಏಪ್ರಿಲ್ ತಿಂಗಳಲ್ಲಿ ಶಾಲೆಗಳಿಗೆ ರಜೆ ಬಿದ್ದಿತೆಂದರೆ ಬೆಂಗಳೂರು, ಹುಬ್ಬಳ್ಳಿ, ಮುಂಬಯಿಗಳಿಂದ ಮಕ್ಕಳು ಮೊಮ್ಮಕ್ಕಳೆಲ್ಲ ಕಾರವಾರದಿಂದ ಭಟ್ಕಳದವರೆಗಿನ ನಮ್ಮ ಊರುಗಳಿಗೆ ಬರತೊಡಗುತ್ತಾರೆ. ಮದುವೆ, ಮುಂಜಿ, ಬಂಡಿ ಹಬ್ಬಗಳೆಲ್ಲ ಮುಗಿದು ಮಳೆಗಾಲ ಹತ್ತಿರವಾಗುವ ತನಕ ಮನೆ ತುಂಬಿಕೊಂಡೇ ಇರುತ್ತದೆ. ಬಾವಿಯಾದರೋ ಅದೇ ದಿನಗಳಲ್ಲಿ ತಳ ಕಾಣಿಸುತ್ತಿರುತ್ತದೆ.

ವರ್ಷಕ್ಕೆ 3,000 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಬೀಳುವ ಸೀಮೆಯಲ್ಲಿ ನೀರಿಗೆ ಬರವೇ ಎಂದು ಬಯಲುಸೀಮೆಯ ನೆಂಟರು ಕೇಳುವುದುಂಟು. ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಬೀಳುತ್ತದೆ. ಘಟ್ಟದಿಂದ ಕಡಲಿಗೆ ಇರುವ ದಾರಿ ಚಿಕ್ಕದು, ಇಳಿಜಾರು ಹೆಚ್ಚು. ನಮ್ಮ ಚಿರೆಕಲ್ಲಿನ ನೆಲವೂ ಕುಡಿದ ನೀರನ್ನು ಬಹುಕಾಲ ಹಿಡಿದಿಟ್ಟುಕೊಳ್ಳುವುದಿಲ್ಲ. ಆದ್ದರಿಂದ ಮಳೆ ನಿಂತು ಏಳೆಂಟು ತಿಂಗಳು ಕಳೆಯುವಾಗ ಬಾವಿಯಲ್ಲಿ ಉಳಿಯುವುದು ಸಣ್ಣ ಒರತೆಯಷ್ಟೇ. ಘಟ್ಟದ ಮೇಲಿನ ಬಾವಿ ಬತ್ತಿದರೆ ಬತ್ತಿತು, ಮಳೆ ಬಂದಾಗ ತುಂಬೀತು. ಕಡಲಂಚಿನಲ್ಲಿ ಮತ್ತು ಅಘನಾಶಿನಿ, ಗಂಗಾವಳಿಯಂಥ ಹೊಳೆಗಳ ಅಳಿವೆಯ ಬದಿಯಲ್ಲಿರುವ ಬಾವಿಗಳಿಗೆ ಇದರ ಜೊತೆಗೆ ಇನ್ನೊಂದು ಕೇಡೂ ಕಾದಿರುತ್ತದೆ. ಅದು ಉಪ್ಪು.

ಸಿಹಿನೀರು ಉಪ್ಪುನೀರಿಗಿಂತ ಹಗುರವಾದದ್ದರಿಂದ, ಕರಾವಳಿಯ ಮರಳು ನೆಲದೊಳಗೆ ಅದು ಉಪ್ಪುನೀರಿನ ಮೇಲೆ ತೇಲುತ್ತಾ ನಿಂತಿರುತ್ತದೆ. ಕಡಲಿನ ಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ ಆ ಮಟ್ಟದ ಕೆಳಗೆ ಸುಮಾರು 40 ಅಡಿಯವರೆಗೆ ಸಿಹಿನೀರೇ ಇರುತ್ತದೆಂಬುದು ಭೂಜಲ ಬಲ್ಲವರ ಲೆಕ್ಕ. ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ, ಮೇಲಿನ ನೀರು ತುಸು ಇಳಿದರೂ ಕೆಳಗಿನ ಉಪ್ಪು ಬಹಳ ಮೇಲಕ್ಕೆ ಬರಲು ದಾರಿಯಾಗುತ್ತದೆ. ಪಂಪು ಒಂದೇ ಸಮನೆ ಎಳೆಯತೊಡಗಿದಾಗ ಬಾವಿಯ ಅಡಿಯಿಂದ ಉಪ್ಪುನೀರು ಗೋಪುರದ ಹಾಗೆ ಏಳುತ್ತದೆ. ಹೀಗೆ ಎದ್ದ ಉಪ್ಪು ಪಂಪು ನಿಲ್ಲಿಸಿದ ಕೂಡಲೇ ಇಳಿದುಹೋಗುವುದಿಲ್ಲ.

ಇದನ್ನು ನಾನು ಕಲಿತದ್ದು ನಮ್ಮ ಮನೆಯಲ್ಲಿಯೇ. ಕುಮಟಾ ತಾಲೂಕಿನಲ್ಲಿ ಗಜನಿ ಗದ್ದೆಗಳ, ಅಂದರೆ ಅಳಿವೆಯ ಉಪ್ಪುನೀರು ಹತ್ತಿಬರುವ ತಗ್ಗಿನ ಗದ್ದೆಗಳ, ಸಮೀಪ ನಮ್ಮ ಮನೆಯಿದೆ. ಕೆಲವು ವರ್ಷಗಳ ಹಿಂದೆ ಮೇ ತಿಂಗಳಲ್ಲಿ ಮನೆಯಲ್ಲಿ ಹದಿನಾಲ್ಕು ಜನ ಸೇರಿದ್ದೆವು. ಟಾಕಿ ಬರಿದಾದಾಗಲೆಲ್ಲ ಯಾರೋ ಒಬ್ಬರು ಪಂಪಿನ ಗುಂಡಿ ಒತ್ತುತ್ತಿದ್ದರು. ಯಾರು, ಎಷ್ಟು ಸಲ ಒತ್ತಿದರೆಂದು ಯಾರಿಗೂ ಗೊತ್ತಿರಲಿಲ್ಲ. ಐದನೆಯ ದಿನ ತೊಗರಿಬೇಳೆ ಎಷ್ಟು ಹೊತ್ತು ಕುದಿಸಿದರೂ ಬೇಯಲಿಲ್ಲ, ಬಚ್ಚಲಿನಲ್ಲಿ ಸೋಪು ನೊರೆ ಬಿಡಲಿಲ್ಲ. ಬೇಳೆ ಹಳೆಯದೆಂದು ಅತ್ತಿಗೆಯವರು ಅಂಗಡಿಯವನನ್ನು ಬೈದರು. ಮರುದಿನ ಚಹ ಕುಡಿದಾಗ ನಾಲಿಗೆಗೇ ಗೊತ್ತಾಯಿತು. ಅಂಗಡಿಯವನ ತಪ್ಪೇನೂ ಇರಲಿಲ್ಲ, ಬಾವಿಯೇ ಸವಳಾಗಿತ್ತು. ಮಳೆ ಹಿಡಿಯುವವರೆಗೆ ಕುಡಿಯುವ ನೀರನ್ನು ಮೂರು ಮನೆಯಾಚೆಗಿನ ಬಾವಿಯಿಂದ ಕೊಡಪಾನದಲ್ಲಿ ತಂದೆವು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಹಗ್ಗವಿದೆ. ಅದರ ತುದಿಗೆ ಕಲ್ಲು ಕಟ್ಟಿ, ಅರ್ಧ ಅಡಿಗೊಂದರಂತೆ ಗಂಟು ಹಾಕಿದ್ದೇವೆ. ಕಲ್ಲು ತಳ ಮುಟ್ಟುವವರೆಗೆ ಹಗ್ಗ ಬಿಟ್ಟು, ಮೇಲೆಳೆದು, ಒದ್ದೆಯಾದ ಗಂಟುಗಳನ್ನು ಎಣಿಸಿದರೆ ಬಾವಿಯಲ್ಲಿ ನೀರೆಷ್ಟಿದೆಯೆಂದು ತಿಳಿಯುತ್ತದೆ. ಎಂಟು ಅಡಿ ಅಗಲದ ದುಂಡು ಬಾವಿಯಲ್ಲಿ ಒಂದು ಅಡಿ ನೀರೆಂದರೆ ಸುಮಾರು 1,400 ಲೀಟರ್, ಅಂದರೆ ಗಂಟಿಗೆ 700 ಲೀಟರ್. ರಾತ್ರಿ ಮಲಗುವಾಗ ಒಮ್ಮೆ, ಬೆಳಿಗ್ಗೆ ಯಾರೂ ನೀರು ಮುಟ್ಟುವ ಮೊದಲು ಒಮ್ಮೆ ಎಣಿಸಿದರೆ ಒರತೆ ಎಷ್ಟು ಕೊಡುತ್ತದೆಂಬುದು ಸಿಗುತ್ತದೆ. ಒರತೆ ಕೊಟ್ಟದ್ದಕ್ಕಿಂತ ಹೆಚ್ಚು ತೆಗೆಯಬಾರದು. ತೆಗೆಯುವುದನ್ನೂ ಒಂದೇ ಉಸಿರಿಗೆ ಎಳೆಯದೆ, ಹೊತ್ತಿಗೆ ಹತ್ತು ನಿಮಿಷದಂತೆ ನಾಲ್ಕು ಸಲ ಪಂಪು ನಡೆಸಬೇಕು. ಕೈಯಿಂದ ಸೇದುತ್ತಿದ್ದ ಕಾಲದಲ್ಲಿ ಇದು ತಾನಾಗಿಯೇ ನಡೆಯುತ್ತಿತ್ತು. ರಾಟೆಯ ಮುಂದೆ ನಿಂತವರ ತೋಳು ಬಾವಿಗಿಂತ ಮೊದಲೇ ಸೋಲುತ್ತಿತ್ತು.

ಒರತೆ ಒಂದೇ ಗಂಟು ಕೊಟ್ಟರೆ, ಹನ್ನೆರಡು ಜನರಿರುವ ಮನೆಗೆ ಆ 700 ಲೀಟರ್ ಸಾಕೇ ಎಂದು ನೀವು ಕೇಳಬಹುದು. ಮನೆಮನೆಗೆ ನಳದ ನೀರು ಕೊಡುವ ಸರಕಾರದ ಜಲಜೀವನ ಮಿಷನ್ ಹಳ್ಳಿಗಳಲ್ಲಿ ದಿನಕ್ಕೆ ತಲೆಗೆ 55 ಲೀಟರ್ ಎಂದು ಇಟ್ಟುಕೊಂಡಿದೆ. ಹನ್ನೆರಡು ಜನಕ್ಕೆ 660 ಆಯಿತು. ಸಾಕಾಗುತ್ತದೆ, ಆದರೆ ಶವರಿನ ಕೆಳಗೆ ನಿಲ್ಲುವ ಹಾಗಿಲ್ಲ. ಶವರಿನಲ್ಲಿ ಹತ್ತು ನಿಮಿಷ ಮಿಂದರೆ 80 ಲೀಟರಿಗೆ ಕಡಿಮೆಯಿಲ್ಲದೆ ಹೋಗುತ್ತದೆ, ಬಾಲ್ದಿ ತಂಬಿಗೆಯ ಸ್ನಾನಕ್ಕೆ 20 ಲೀಟರ್ ಧಾರಾಳ. ಸೆಕೆಗೆ ದಿನಕ್ಕೆ ಮೂರು ಸಲ ಮೀಯುವ ಮಕ್ಕಳಿಗೆ ಬಾಲ್ದಿ ತೋರಿಸಿದರೆ ಮುಖ ಸಣ್ಣದಾಗುತ್ತದೆ, ನಿಜ. ಎರಡು ದಿನಕ್ಕೆ ಅದೂ ರೂಢಿಯಾಗುತ್ತದೆ. ಶೌಚಾಲಯದ ಹಳೆಯ ಫ್ಲಶ್ ತೊಟ್ಟಿಯೊಳಗೆ ನೀರು ತುಂಬಿದ ಒಂದು ಲೀಟರಿನ ಬಾಟಲಿಯನ್ನು ಇಟ್ಟರೆ ಪ್ರತಿ ಸಲ ಒಂದು ಲೀಟರ್ ಉಳಿಯುತ್ತದೆ. ಹನ್ನೆರಡು ಜನ ಐದೈದು ಸಲ ಹೋದರೆ ದಿನಕ್ಕೆ 60 ಲೀಟರ್, ಅಂದರೆ ಮೂರು ಸ್ನಾನ.

ಅಡುಗೆಮನೆಯ ನೀರಿಗೆ ನಮ್ಮ ಹಿರಿಯರು ಎರಡನೆಯ ಕೆಲಸವನ್ನು ಮೊದಲೇ ಗೊತ್ತುಮಾಡಿದ್ದರು. ಅಕ್ಕಿ ತೊಳೆದ ಅಕ್ಕಚ್ಚು ಕೊಟ್ಟಿಗೆಗೆ, ಮೀನು ತೊಳೆದದ್ದು ತೆಂಗಿನ ಬುಡಕ್ಕೆ, ಬಚ್ಚಲಿನದ್ದು ಬಾಳೆಗೆ ಮತ್ತು ಕೆಸುವಿಗೆ ಹೋಗುತ್ತಿತ್ತು. ಈಗ ಕೊಟ್ಟಿಗೆಗಳು ಖಾಲಿಯಾಗಿರುವುದರಿಂದ ಅಕ್ಕಚ್ಚನ್ನು ತೊಂಡೆ ಚಪ್ಪರಕ್ಕೆ ಹಾಕಬಹುದು. ಆರ್‌ಒ ಯಂತ್ರವಿದ್ದವರು ಅದು ಹೊರಗೆ ಬಿಡುವ ನೀರನ್ನು ಗಮನಿಸಬೇಕು. ಒಂದು ಲೀಟರ್ ಶುದ್ಧ ನೀರಿಗೆ ಎರಡು ಮೂರು ಲೀಟರ್ ಚರಂಡಿಗೆ ಹರಿಯುತ್ತಿರುತ್ತದೆ. ಅದನ್ನು ಕೊಡದಲ್ಲಿ ಹಿಡಿದು ನೆಲ ಒರೆಸಲು ಬಳಸಬಹುದು, ಆದರೆ ಲವಣ ಹೆಚ್ಚಿರುವ ಆ ನೀರನ್ನು ಮಲ್ಲಿಗೆ ಬಳ್ಳಿಗೆ ಹಾಕಬಾರದು.

ನಳದ ನೀರನ್ನೇ ನಂಬಿರುವ ಪಟ್ಟಣದವರಿಗೂ ಇದು ಹೊರಗಿನ ಮಾತಲ್ಲ. ಕುಮಟಾ, ಹೊನ್ನಾವರಗಳ ನಳಕ್ಕೆ ಮರಾಕಲ್‌ನಲ್ಲಿ ಅಘನಾಶಿನಿಯಿಂದಲೇ ನೀರೆತ್ತುತ್ತಾರೆ, ಬೇಸಿಗೆಯಲ್ಲಿ ಆ ಹೊಳೆಯೂ ಸೊರಗಿರುತ್ತದೆ.

ಬೆಳಗಿನ ಹಗ್ಗದ ಕೆಲಸವನ್ನು ಈ ರಜೆಯಲ್ಲಿ ಮೊಮ್ಮಗಳಿಗೆ ಒಪ್ಪಿಸಿದ್ದೇನೆ. ಗಂಟು ಎಣಿಸಿ ಕ್ಯಾಲೆಂಡರಿನ ಮೇಲೆ ಪೆನ್ಸಿಲಿನಿಂದ ಬರೆದಿಡುತ್ತಾಳೆ, ಕಡಿಮೆಯಾದ ದಿನ ಪಂಪಿನ ಗುಂಡಿಯ ಬಳಿ ತಾನೇ ಕಾವಲು ಕೂರುತ್ತಾಳೆ, ಅವಳಪ್ಪನಿಗೂ ರಿಯಾಯಿತಿಯಿಲ್ಲ. ನಿನ್ನೆ ಆರು ಗಂಟು ಒದ್ದೆಯಾಗಿತ್ತು. ಇವತ್ತೂ ಆರೇ.

ನಮಸ್ಕಾರ.