ಕಟಾ ಇಲ್ಲದ ಹೊಡೆದಾಟದ ಕಲೆ ಬೇಕಾ? ಕ್ಲಾಸಿಗೆ ಸೇರುವ ಮುಂಚೆ ಇದನ್ನು ನೋಡಿ

(ಪರದೆಯ ಮೇಲೆ: ಸಾಲಾಗಿ ನಿಂತು ಕಟಾ ಮಾಡುತ್ತಿರುವ ಗುಂಪು. ನಂತರ ಇಬ್ಬರು ಗ್ಲೌಸ್ ಹಾಕಿಕೊಂಡು ಎದುರು ಬದುರು.)

ನಮಸ್ಕಾರ. ಪಂಚ್, ಕಿಕ್ ಕಲಿಯುವ ಆಸೆ ಇದೆ, ಆದರೆ ಗಾಳಿಯಲ್ಲಿ ಕೈಕಾಲು ಆಡಿಸುತ್ತಾ ವರ್ಷ ಕಳೆಯುವುದು ಬೇಡ ಅನ್ನುವವರು ತುಂಬಾ ಜನ ಇದ್ದಾರೆ. ನೀವೂ ಅವರಲ್ಲಿ ಒಬ್ಬರಾದರೆ ಈ ವಿಡಿಯೋ ನಿಮಗೇ.

ಕಟಾ ಅಂದರೆ ಮೊದಲೇ ಗೊತ್ತುಮಾಡಿದ ಹೆಜ್ಜೆ, ತಡೆ, ಹೊಡೆತಗಳ ಸರಣಿ. ಕರಾಟೆಯಲ್ಲಿ ಕಟಾ, ಟೇಕ್ವಾಂಡೋದಲ್ಲಿ ಪೂಮ್ಸೆ, ಚೀನಾದ ವುಶುವಿನಲ್ಲಿ ತಾವೊಲು. ಅದರಲ್ಲಿ ಸೊಗಸಿದೆ, ಮೈಮೇಲೆ ಹಿಡಿತವೂ ಬರುತ್ತದೆ. ಪ್ರೀತಿಯಿಂದ ಮಾಡುವವರನ್ನು ಕಂಡರೆ ನನಗೆ ಗೌರವವೇ. ಆದರೆ ಎದುರಿಗಿರುವವರು ಯಾವಾಗ ಹೊಡೆಯುತ್ತಾರೆ, ಎಷ್ಟು ದೂರದಲ್ಲಿದ್ದಾರೆ ಅನ್ನುವುದನ್ನು ಒಬ್ಬರೇ ನಿಂತು ಕಲಿಯಲು ಆಗುವುದಿಲ್ಲ. ಅದಕ್ಕೆ ಇನ್ನೊಬ್ಬರು ಬೇಕೇ ಬೇಕು.

ಕಟಾ ಇಲ್ಲದ ಕಲೆಗಳಲ್ಲಿ ಮೊದಲು ಬಾಕ್ಸಿಂಗ್. 1867ರಲ್ಲಿ ಪ್ರಕಟವಾದ ಕ್ವೀನ್ಸ್‌ಬೆರಿ ನಿಯಮಗಳು ಗ್ಲೌಸ್, 3 ನಿಮಿಷದ ರೌಂಡ್, ನಡುವೆ 1 ನಿಮಿಷದ ವಿರಾಮ, ಬಿದ್ದವರಿಗೆ 10 ಸೆಕೆಂಡಿನ ಎಣಿಕೆ ಎಂದು ಗೊತ್ತುಮಾಡಿದವು. ಅಲ್ಲಿಂದ ಇಲ್ಲಿಯವರೆಗೆ ಇದು ರಿಂಗಿನೊಳಗೆ ತಿದ್ದಿಸಿಕೊಳ್ಳುತ್ತಲೇ ಬೆಳೆದ ಕಲೆ. ಕೆಲಸಕ್ಕೆ ಬಾರದ್ದು ಉದುರಿಹೋಗಿದೆ. ಉಳಿದಿರುವ ಪಂಚ್‌ಗಳನ್ನು ಬೆರಳಲ್ಲಿ ಎಣಿಸಬಹುದು.

(ಹತ್ತಿರದ ಶಾಟ್: ಜಾಬ್, ನಿಧಾನ ಚಲನೆಯಲ್ಲಿ.)

ಈ ಜಾಬ್ ನೋಡಿ. ಮುಂದಿನ ಕೈ ನೇರ ಹೋಗುತ್ತಿದೆ. ಹೋಗುತ್ತಾ ಭುಜ ಮೇಲೆ ಬಂದು ಗಲ್ಲವನ್ನು ಮುಚ್ಚುತ್ತಿದೆ. ಹಿಂದಿನ ಕೈ ಕೆನ್ನೆ ಬಿಟ್ಟು ಅಲುಗಿಲ್ಲ. ಹೊಡೆದ ಕೈ ಹೋದ ದಾರಿಯಲ್ಲೇ ವಾಪಸ್ ಬರುತ್ತದೆ. ಅದು ಸ್ವಲ್ಪ ಕೆಳಗೆ ಇಳಿದು ಬಂದರೂ ಪ್ಯಾಡ್ ಹಿಡಿದ ಕೋಚ್ ಅದೇ ಪ್ಯಾಡಿನಿಂದ ನಿಮ್ಮ ಕೆನ್ನೆಗೆ ಮೆತ್ತಗೆ ತಟ್ಟುತ್ತಾರೆ. ಆ ತಟ್ಟುವಿಕೆ ಇದೆಯಲ್ಲ, ಕಟಾದಲ್ಲಿ ಸಿಗದಿರುವುದು ಅದೇ. ಬಾಯಲ್ಲಿ ನೂರು ಸಲ 'ಕೈ ಮೇಲಿಡು' ಅಂದರೂ ಬಾರದ ಅಭ್ಯಾಸ ಇದರಿಂದ ಬರುತ್ತದೆ.

ಬಾಕ್ಸಿಂಗ್‌ನಲ್ಲೂ ಶ್ಯಾಡೋ ಬಾಕ್ಸಿಂಗ್, ಅಂದರೆ ಎದುರಿಗೆ ಯಾರೋ ಇದ್ದಾರೆ ಅಂದುಕೊಂಡು ಒಬ್ಬರೇ ಗಾಳಿಯಲ್ಲಿ ಹೊಡೆಯುವುದು, ಇದೆಯಲ್ಲ ಅಂತ ಕೇಳಬಹುದು. ಇದೆ. ಆದರೆ ಅಲ್ಲಿ ಗೊತ್ತುಮಾಡಿದ ಕ್ರಮ ಇಲ್ಲ. ಒಂದು ರೌಂಡಿನ ಹಾಗೆ ಇನ್ನೊಂದು ಇರುವುದಿಲ್ಲ.

ಒದೆಯುವುದೂ ಬೇಕು ಅನ್ನುವವರಿಗೆ ಮುಯ್ ಥಾಯ್. ಥಾಯ್ಲೆಂಡಿನ ಈ ಕಲೆಯಲ್ಲಿ ಮುಷ್ಟಿ, ಮೊಣಕೈ, ಮೊಣಕಾಲು, ಕಾಲು ನಾಲ್ಕೂ ಆಯುಧಗಳೇ. ಎರಡೆರಡರಂತೆ ಒಟ್ಟು ಎಂಟು. ಪಂದ್ಯಕ್ಕೆ ಮುಂಚೆ ಮಾಡುವ ವೈ ಕ್ರು ಕುಣಿತ ಗುರುವಂದನೆ, ಅದು ಕಟಾ ಅಲ್ಲ. ಪಕ್ಕದಿಂದ ಸುತ್ತಿ ಬರುವ ಕಿಕ್ ಬೀಳುವುದು ಪಾದದಿಂದಲ್ಲ, ಮೊಣಕಾಲಿನ ಕೆಳಗಿನ ಮುಂಗಾಲ ಮೂಳೆಯಿಂದ. ಸೊಂಟ ಪೂರ್ತಿ ತಿರುಗಬೇಕು. ಎದುರಿನವರು ತೊಡೆಗೆ ಒದ್ದಾಗ ನೀವು ಕಾಲೆತ್ತಿ ಅದೇ ಮೂಳೆಯಲ್ಲಿ ತಡೆಯಬೇಕು. ಅರ್ಧ ಕ್ಷಣ ತಡವಾದರೆ ತೊಡೆ ಪೆಟ್ಟು ತಿನ್ನುತ್ತದೆ. ಕತ್ತು ಹಿಡಿದು ಮೊಣಕಾಲಲ್ಲಿ ಹೊಡೆಯುವ ಕ್ಲಿಂಚ್ ಕೂಡ ಇಲ್ಲಿದೆ. ಅದಕ್ಕೆ ದಮ್ಮು ಜಾಸ್ತಿ ಬೇಕು.

ಕಿಕ್‌ಬಾಕ್ಸಿಂಗ್ ರೂಪ ತಾಳಿದ್ದು 1960ರ ದಶಕದ ಜಪಾನಿನಲ್ಲಿ, ಕರಾಟೆ ಮತ್ತು ಮುಯ್ ಥಾಯ್ ಎದುರುಬದುರಾದಾಗ. 1993ರಲ್ಲಿ ಶುರುವಾದ ಕೆ-1 ಪಂದ್ಯಗಳು ಅದನ್ನು ಮನೆಮನೆಗೆ ತಲುಪಿಸಿದವು. ಸಾಮಾನ್ಯವಾಗಿ ಮೊಣಕೈ ಏಟಿಗೆ ಅವಕಾಶವಿಲ್ಲ, ಕ್ಲಿಂಚ್ ಕಡಿಮೆ. ಡಚ್ಚರು ಇದಕ್ಕೆ ತಮ್ಮದೇ ರೂಪ ಕೊಟ್ಟರು: ಪಂಚ್‌ಗಳ ಸುರಿಮಳೆ, ಕೊನೆಗೆ ತೊಡೆಗೊಂದು ಕಿಕ್. ಹೊಸಬರು ಕೇಳಿದರೆ ನಾನು ಹೇಳುವುದು ಬಾಕ್ಸಿಂಗ್ ಅಥವಾ ಇದು.

ಚೀನಾದ ಸಾಂಡಾದಲ್ಲಿ ಒದ್ದ ಕಾಲನ್ನೇ ಹಿಡಿದು ಕೆಡವಬಹುದು. ಫ್ರಾನ್ಸಿನ ಸವಾತ್‌ನಲ್ಲಿ ಶೂ ಹಾಕಿಕೊಂಡು ಪಾದದಿಂದ ಮಾತ್ರ ಒದೆಯುತ್ತಾರೆ. ಕಲಿಸುವವರು ಹತ್ತಿರದಲ್ಲಿದ್ದರೆ ಎರಡೂ ಒಳ್ಳೆಯವೇ.

ಕ್ಯೋಕುಶಿನ್ ಕರಾಟೆ ಬಗ್ಗೆಯೂ ಒಂದು ಮಾತು. ಅದರಲ್ಲಿ ಕಟಾ ಇದೆ, ಆದರೆ ಪೂರ್ತಿ ಬಲದ ಕುಮಿಟೆ, ಅಂದರೆ ಇಬ್ಬರ ಎದುರುಬದುರು ಹೊಡೆದಾಟವೂ ಇದೆ. ಮೈ ಗಟ್ಟಿಯಾಗುವುದರಲ್ಲಿ ಅನುಮಾನವಿಲ್ಲ. ಅದರ ಪಂದ್ಯದಲ್ಲಿ ಮುಖಕ್ಕೆ ಕೈಯಿಂದ ಹೊಡೆಯುವಂತಿಲ್ಲ, ಹಾಗಾಗಿ ಮುಖ ಕಾಯುವ ಅಭ್ಯಾಸವನ್ನು ಬೇರೆ ಕಡೆ ಕಲಿಯಬೇಕಾಗುತ್ತದೆ.

(ಪರದೆಯ ಮೇಲೆ: ಪ್ಯಾಡ್ ಡ್ರಿಲ್.)

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವಿಷಯ. ಬೋರ್ಡಿನ ಮೇಲೆ ಮುಯ್ ಥಾಯ್ ಅಂತ ಬರೆದಿದ್ದ ಮಾತ್ರಕ್ಕೆ ಒಳಗೆ ಕಟಾ ಇಲ್ಲ ಅಂದುಕೊಳ್ಳಬೇಡಿ. ಜಾಬ್, ಕ್ರಾಸ್, ಹುಕ್, ಕಿಕ್ ಅಂತ ಒಂದೇ ಸರಣಿಯನ್ನು ತಿಂಗಳುಗಟ್ಟಲೆ ಪ್ಯಾಡಿನ ಮೇಲೆ ಹೊಡೆಸುತ್ತಾ, ಎದುರಿನವರು ಗೊಂಬೆಯ ಹಾಗೆ ನಿಂತಿದ್ದರೆ ಅದೂ ಕಟಾನೇ, ಅಲ್ವಾ? ಬೆವರು ಸುರಿಯುತ್ತದೆ, ಸದ್ದೂ ಚೆನ್ನಾಗಿರುತ್ತದೆ. ಹೊಡೆತ ತಪ್ಪಿಸಲು ಮಾತ್ರ ಬರುವುದಿಲ್ಲ.

ಅದಕ್ಕೇ ಸೇರುವ ಮುಂಚೆ ಒಂದು ಕ್ಲಾಸನ್ನು ಕೂತು ನೋಡಿ. ಜೋಡಿಯಲ್ಲಿ ಇಬ್ಬರೂ ಯೋಚನೆ ಮಾಡಿ ಆಡುತ್ತಿದ್ದಾರಾ? ಒಬ್ಬರು ಜಾಬ್ ಮಾತ್ರ ಹೊಡೆಯುವುದು, ಇನ್ನೊಬ್ಬರು ತಪ್ಪಿಸುವುದು ಮಾತ್ರ, ಇಂಥ ಸಣ್ಣ ಆಟಗಳು ನಡೆಯುತ್ತಿದ್ದರೆ ಅದು ಒಳ್ಳೆಯ ಜಾಗ. ಯಾವಾಗ ಹೊಡೆತ ಬರುತ್ತದೆ ಅಂತ ಅಲ್ಲಿ ಯಾರಿಗೂ ಮೊದಲೇ ಗೊತ್ತಿರುವುದಿಲ್ಲ. ಹೊಸಬರನ್ನು ಮೊದಲ ವಾರವೇ ಜೋರು ಸ್ಪಾರಿಂಗ್‌ಗೆ, ಅಂದರೆ ಜೊತೆಗಾರರೊಡನೆ ಹೊಡೆದಾಟದ ಅಭ್ಯಾಸಕ್ಕೆ, ತಳ್ಳುವ ಕಡೆ ಹೋಗಬೇಡಿ. ಸ್ಪಾರಿಂಗೇ ಇಲ್ಲದ ಕಡೆಗಿಂತ ಅದು ಕೆಟ್ಟದ್ದು.

ಇದನ್ನು ಒತ್ತಿ ಹೇಳಲು ಕಾರಣ ತಲೆ. ತಲೆಗೆ ಬೀಳುವ ಏಟುಗಳು ಲೆಕ್ಕಕ್ಕೆ ಸೇರುತ್ತಾ ಹೋಗುತ್ತವೆ. ಹೆಡ್‌ಗಾರ್ಡ್ ಚರ್ಮ ಸೀಳುವುದನ್ನು ತಡೆಯುತ್ತದೆ, ಒಳಗೆ ಮಿದುಳು ಅಲುಗುವುದನ್ನು ತಡೆಯುವುದಿಲ್ಲ. ಥಾಯ್ಲೆಂಡಿನ ಎಷ್ಟೋ ಜಿಮ್‌ಗಳಲ್ಲಿ, ಪದೇ ಪದೇ ಪಂದ್ಯ ಆಡುವವರೂ ಸ್ಪಾರಿಂಗ್‌ನಲ್ಲಿ ಮುಟ್ಟಿ ಬಿಡುವ ಹಾಗೆ ಹಗುರವಾಗಿ ಆಡುತ್ತಾರೆ. ನಗುತ್ತಾ ಆಡುತ್ತಾರೆ. ತಲೆಗೆ ಏಟು ಬಿದ್ದು ಮಂಕು ಕವಿದ ಹಾಗಾದರೆ ಅಥವಾ ವಾಂತಿ ಬಂದ ಹಾಗಾದರೆ ಆ ದಿನದ ಆಟ ಅಲ್ಲಿಗೇ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. 'ಏನೂ ಆಗಿಲ್ಲ, ಮುಂದುವರಿಸು' ಅನ್ನುವ ಕೋಚ್ ಬಳಿ ಮತ್ತೆ ಹೋಗಬೇಡಿ.

ಸಾಮಾನು ಜಾಸ್ತಿ ಬೇಡ. ಕೈಗೆ ಸುತ್ತುವ ಪಟ್ಟಿ, ಒಂದು ಜೊತೆ ಗ್ಲೌಸ್, ಹಲ್ಲಿಗೆ ಮೌತ್‌ಗಾರ್ಡ್. ಸ್ಪಾರಿಂಗ್ ಶುರುವಾದ ಮೇಲೆ ದೊಡ್ಡವರಿಗೆ ಸಾಮಾನ್ಯವಾಗಿ 16 ಔನ್ಸ್ ಗ್ಲೌಸ್, ಕಿಕ್ ಇದ್ದರೆ ಮುಂಗಾಲ ಮೂಳೆಗೆ ಕಟ್ಟುವ ಶಿನ್‌ಗಾರ್ಡ್. ಮೌತ್‌ಗಾರ್ಡನ್ನು ಮಾತ್ರ ಮೊದಲೇ ತಗೊಂಡು, ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ನಿಮ್ಮ ಹಲ್ಲಿಗೆ ಸರಿಯಾಗಿ ಕೂರಿಸಿಕೊಳ್ಳಿ. ಅದನ್ನು ಕಚ್ಚಿಕೊಂಡೇ ಉಸಿರಾಡುವುದು ರೂಢಿಯಾಗಲು ಕೆಲವು ದಿನ ಬೇಕು.