ಹಂದಿ ಮೂಳೆಗೆ ಕೈಮುಗಿಸಿದವನು

ಲಂಡನ್ನಿನ ಸದರ್ಕ್‌ನಲ್ಲಿ ಟಾಲ್ಬಟ್ ಯಾರ್ಡ್ ಅನ್ನೋ ಜಾಗವಿದೆ. ಟ್ಯಾಬರ್ಡ್ ಅನ್ನೋ ಹಳೇ ತಂಗುಮನೆ ಇದ್ದದ್ದು ಇಲ್ಲೇ. ಈಗ ಗೋಡೆ ಮೇಲೆ ನೀಲಿ ಫಲಕ ಮಾತ್ರ ಉಳಿದಿದೆ. ಇಂಗ್ಲಿಷ್ ಕವಿ ಜೆಫ್ರಿ ಚಾಸರ್‌ನ ಕೃತಿಯಲ್ಲಿ ಯಾತ್ರಿಕರು ಹೊರಡುವುದು ಈ ಜಾಗದಿಂದ. 1170ರಲ್ಲಿ ಕೊಲೆಯಾದ ಆರ್ಚ್‌ಬಿಷಪ್ ಥಾಮಸ್ ಬೆಕೆಟ್‌ನ ಸಮಾಧಿ ನೋಡಲು ಕ್ಯಾಂಟರ್ಬರಿಗೆ ಹೋಗುತ್ತಾರೆ. ದಾರಿಯುದ್ದಕ್ಕೂ ಕಥೆ ಹೇಳುತ್ತಾರೆ. ಅದೇ 'ಕ್ಯಾಂಟರ್ಬರಿ ಟೇಲ್ಸ್'.

ಚಾಸರ್ ಇದನ್ನು ಶುರುಮಾಡಿದ್ದು ಸುಮಾರು 1387ರಲ್ಲಿ. 1348ರಲ್ಲಿ ಬಂದ ಪ್ಲೇಗ್ ಊರೂರನ್ನೇ ಬರಿದು ಮಾಡಿತ್ತು. 1378ರಿಂದ ರೋಮ್‌ನಲ್ಲೊಬ್ಬ ಪೋಪ್, ಈಗಿನ ಫ್ರಾನ್ಸ್‌ನ ಆವಿನ್ಯೋನ್‌ನಲ್ಲಿ ಇನ್ನೊಬ್ಬ. ಜನ ಸಾವಿಗೆ ಹೆದರಿದ್ದರು. ಯಾರನ್ನು ನಂಬಬೇಕು ಅಂತಲೇ ಗೊತ್ತಿರಲಿಲ್ಲ. ಪಾಪದ ಕ್ಷಮಾಪತ್ರ ಮಾರುವವನಿಗೆ ಇನ್ನೇನು ಬೇಕು?

ಅಂಥವನೊಬ್ಬ ಈ ಗುಂಪಿನಲ್ಲಿದ್ದಾನೆ. ಅವನೇ ಪಾರ್ಡನರ್. ಚೀಲದ ತುಂಬ ರೋಮ್‌ನಿಂದ ಬಿಸಿಬಿಸಿಯಾಗಿ ಬಂದ ಕ್ಷಮಾಪತ್ರಗಳು. ದಿಂಬಿನ ಕವರ್ ತೋರಿಸಿ ಇದು ಮೇರಿ ಮಾತೆಯ ಮುಸುಕು ಅನ್ನುತ್ತಾನೆ. ಗಾಜಿನ ಪಾತ್ರೆಯಲ್ಲಿ ಹಂದಿ ಮೂಳೆ ಇಟ್ಟು ಸಂತರದ್ದು ಅಂತ ನಂಬಿಸುತ್ತಾನೆ. ಹಳ್ಳಿಯ ಪಾದ್ರಿ ಎರಡು ತಿಂಗಳಲ್ಲಿ ಕಾಣುವ ಹಣವನ್ನು ಇವನು ಒಂದೇ ದಿನದಲ್ಲಿ ದೋಚುತ್ತಾನೆ.

ಚಾಸರ್‌ನ ನಿಜವಾದ ಜಾಣತನ ಇರೋದು ಮುಂದೆ. ಪಾರ್ಡನರ್‌ನನ್ನು ಬೈಯುವುದಿಲ್ಲ. ಅವನ ಬಾಯಿಂದಲೇ ಎಲ್ಲ ಹೇಳಿಸುತ್ತಾನೆ. ಎಲ್ಲ ಕೆಡುಕಿಗೂ ದುರಾಸೆಯೇ ಬೇರು ಅಂತ ಬೋಧಿಸುತ್ತೇನೆ, ಬೋಧಿಸುವುದೂ ದುರಾಸೆಗೇ ಅಂತ ಅವನೇ ಒಪ್ಪುತ್ತಾನೆ. ಊರಿನ ಕಡುಬಡ ವಿಧವೆಯಿಂದಲೂ ಹಣ, ಉಣ್ಣೆ, ಚೀಸ್, ಗೋಧಿ ಕಿತ್ತುಕೊಳ್ಳುತ್ತೇನೆ, ಅವಳ ಮಕ್ಕಳು ಹಸಿದು ಸತ್ತರೂ ಚಿಂತೆಯಿಲ್ಲ ಅನ್ನುತ್ತಾನೆ. ಈ ಸಾಲು ಓದುವಾಗ ನನಗೆ ಈಗಲೂ ಮೈ ಉರಿಯುತ್ತದೆ.

ಆಮೇಲೆ ಅವನು ಹೇಳುವ ಕಥೆ ಅದ್ಭುತವಾಗಿದೆ. ಸಾವನ್ನೇ ಕೊಲ್ಲಲು ಹೊರಟ ಮೂವರು ಕುಡುಕರು ಮರದಡಿ ಚಿನ್ನ ಕಾಣುತ್ತಾರೆ, ಅದಕ್ಕಾಗಿ ಒಬ್ಬರನ್ನೊಬ್ಬರು ಕೊಂದುಕೊಳ್ಳುತ್ತಾರೆ. ಕಥೆ ಮುಗಿದ ಕೂಡಲೇ, ಮೋಸ ಅಂತ ಒಪ್ಪಿಕೊಂಡಿದ್ದನ್ನೂ ಮರೆತವನಂತೆ, ಬನ್ನಿ, ಕಾಣಿಕೆ ಹಾಕಿ, ಈ ಮೂಳೆಗೆ ಮುತ್ತಿಡಿ ಅನ್ನುತ್ತಾನೆ! ಜೊತೆಗೇ ಹೊರಟಿದ್ದ ಟ್ಯಾಬರ್ಡ್ ತಂಗುಮನೆಯ ಮಾಲೀಕ ಕೆಂಡವಾಗುತ್ತಾನೆ.

ಇದನ್ನಷ್ಟೇ ಓದಿ ಚಾಸರ್ ಧರ್ಮದ ವಿರೋಧಿ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅದೇ ಗುಂಪಿನಲ್ಲಿ ಒಬ್ಬ ಬಡ ಪಾದ್ರಿಯೂ ಇದ್ದಾನಲ್ವಾ? ಮಳೆ, ಗುಡುಗು ಇದ್ದರೂ ಕೋಲು ಹಿಡಿದು ದೂರದ ಮನೆಗಳಿಗೆ ನಡೆದೇ ಹೋಗುತ್ತಾನೆ. ತನ್ನದನ್ನೇ ಬಡವರಿಗೆ ಹಂಚುತ್ತಾನೆ. ಪುಸ್ತಕದ ಕೊನೆಯ ಸರದಿಯನ್ನು ಚಾಸರ್ ಕೊಟ್ಟಿರುವುದು ಇವನಿಗೇ. ಇವನು ಕಥೆ ಹೇಳುವುದಿಲ್ಲ. ಪಾಪಕ್ಕೆ ಪಶ್ಚಾತ್ತಾಪ ಪಡುವುದು ಹೇಗೆ ಅಂತ ಉದ್ದಕ್ಕೆ ವಿವರಿಸುತ್ತಾನೆ, ಯಾರ ಹತ್ತಿರವೂ ಒಂದು ಕಾಸು ಕೇಳದೆ.